ಕುಂಟೆಯ ಬಾಯಿ ಬಿಡಿಸಿದವಳು

ಹೆಬ್ಬೆರಳು ಎತ್ತುವುದಕ್ಕೆ ಯಾರಪ್ಪನ ಗಂಟೇನು ಹೋಗುತ್ತದೆ? ಕೊರಟಗೆರೆಯ ಆ ಹೊಸ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಭುವನಾ ಶನಿವಾರ ಹಾಕಿದ ಮೆಸೇಜಿಗೆ ಸಾಲುಸಾಲಾಗಿ ಹೆಬ್ಬೆರಳು ಎದ್ದವು. ‘ಕುಂಟೆಗೆ ಮಳೆನೀರು ಬರುವ ಬಾಯಿ ಕಟ್ಟಿಕೊಂಡಿದೆ, ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ, ಬಿಡಿಸೋಣ’ ಎಂದು ಹಾಕಿದ್ದಳು. ಹೋದ ಮಳೆಗಾಲದಲ್ಲಿ ಆ ನೀರು ಕುಂಟೆಗಿಳಿಯದೆ ತಗ್ಗಿನ ಮನೆಗಳ ಅಡುಗೆಮನೆಗೇ ನುಗ್ಗಿದ್ದನ್ನು ಕಣ್ಣಾರೆ ಕಂಡ ಜನ ಅವರು. ಆದರೆ ಭಾನುವಾರ ಬಂದು ನೋಡಿದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಭುವನಾ ನಾಗಲಮಡಿಕೆ ಕಡೆಯವಳು. ಅಮ್ಮ ತೀರಿಕೊಂಡ ಮೇಲೆ ಇಲ್ಲಿ ಮನೆ ಕೊಂಡು ಒಬ್ಬಳೇ ಇದ್ದಳು. ಬೆಳಗಿನ ಬಸ್ಸಿಗೆ ಮಧುಗಿರಿಯ ಆಫೀಸಿಗೆ ಹೋದರೆ ವಾಪಸಾಗುವುದು ಕತ್ತಲಾದ ಮೇಲೆ. ಬಡಾವಣೆಯಲ್ಲಿ ಅವಳ ಮುಖ ಕಂಡವರೇ ಕಡಿಮೆ. ನಿಜ ಹೇಳಬೇಕೆಂದರೆ ಕುಂಟೆಯ ಚಿಂತೆ ಅರ್ಧ, ಇನ್ನರ್ಧ ಮನುಷ್ಯರ ಆಸೆ. ಯಾರಾದರೂ ‘ಬಾರಮ್ಮ’ ಅಂದಾರು, ಪಕ್ಕದಲ್ಲಿ ನಿಂತು ಎರಡು ಮಾತಾಡಿಯಾರು ಎಂದು ಕಾದಿದ್ದಳು. ಯಾರೂ ಬಾರದಿದ್ದಾಗ ಅಳು ಬಂತು. ಅತ್ತು ಏನು ಮಾಡುವುದು, ನೈಟಿಯ ಮೇಲೆ ಹಳೇ ಶರ್ಟು ಹಾಕಿ ಬಂದಿದ್ದವಳು ತಲೆಗೆ ಟವೆಲ್ ಕಟ್ಟಿಕೊಂಡು, ಗುದ್ದಲಿ ಹಿಡಿದು ಇಳಿದಳು.

ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮಾಕೋಲು ಎಲ್ಲವನ್ನೂ ಎಳೆದು ಹಾಕಿದಳು. ಏರಿಯ ಮೇಲೆ ಹುಟ್ಟಿದ್ದ ಜಾಲಿ ಸಸಿ ಕಿತ್ತಳು, ಮಣ್ಣು ಹಿಡಿದಿಟ್ಟುಕೊಳ್ಳಲಿ ಎಂದು ಹುಲ್ಲನ್ನು ಹಾಗೇ ಬಿಟ್ಟಳು. ಯಾರೋ ಪುಣ್ಯಾತ್ಮರು ಮನೆ ಒಡೆಸಿದ ಕಲ್ಲುಮಣ್ಣನ್ನು ತಂದು ದಡಕ್ಕೇ ಸುರಿದಿದ್ದರು. ಅದನ್ನು ಮಾತ್ರ ಒಬ್ಬಳ ಕೈಲಿ ಕದಲಿಸಲಾಗಲಿಲ್ಲ.

ಅಷ್ಟರಲ್ಲಿ ಕುಂಟೆಯ ಎದುರು ಮನೆಯ ಸರೋಜಮ್ಮ ಗೇಟು ತೆಗೆದು ಬಂದಳು.

“ಅಬ್ಬ! ಅಂತೂ ಪಂಚಾಯ್ತಿಯೋರಿಗೆ ಬುದ್ಧಿ ಬಂತು. ಆದ್ರೂ ಇಷ್ಟಕ್ಕೆಲ್ಲ ಒಬ್ಬಳನ್ನೇ ಕಳ್ಸವ್ರಲ್ಲ, ಅವ್ರ ಮನೆ ಕಾಯ್ವೋಗ!”

ಭುವನಾ ಬಾಯಿ ತೆರೆದಳು. ಅಷ್ಟರೊಳಗೆ ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು, “ಇರು, ಚೀಲದ ಬಾಯಿ ನಾನ್ ಹಿಡ್ಕಂತೀನಿ, ನೀ ತುಂಬು” ಎಂದು ಪಕ್ಕದಲ್ಲೇ ನಿಂತುಬಿಟ್ಟಳು. ಹಾಗೆ ಪಕ್ಕದಲ್ಲಿ ಒಬ್ಬರು ನಿಂತು ಎಷ್ಟು ಕಾಲವಾಗಿತ್ತೋ! ಭುವನಾ ತಾನಾರೆಂದು ಹೇಳದೆ ಕಸ ಬಾಚಿ ಹಾಕತೊಡಗಿದಳು. ಚೀಲ ತುಂಬುವಷ್ಟರಲ್ಲಿ ಸರೋಜಮ್ಮನ ಮಂಡಿನೋವು, ಗಂಡನ ಗೊರಕೆ, ಅವರೆಕಾಯಿಯ ರೇಟು ಎಲ್ಲ ಬಂದು ಹೋದವು. ಭುವನಾ ಊಂಗುಟ್ಟುತ್ತಾ ನಕ್ಕಳು. ಮನಸ್ಸು ಹೂವಿನಷ್ಟು ಹಗುರವಾಗಿತ್ತು.

ಕೆಲಸ ಮುಗಿದಾಗ ಸರೋಜಮ್ಮ ತಟ್ಟೆಯಲ್ಲಿ ಚಿತ್ರಾನ್ನ ತಂದಳು. ಇಬ್ಬರೂ ಏರಿಯ ಮೇಲೆ ಕುಳಿತರು.

“ನಮ್ಮ ಲೇಔಟ್ನಾಗೆ ಭುವನಾ ಅಂತ ಒಬ್ಬಳವ್ಳೆ ಕಣಮ್ಮ. ಬರೀ ಮೆಸೇಜು! ಸೋಪಿನ್ ನೀರು ಕುಂಟೆಗೆ ಬುಡಬ್ಯಾಡಿ, ಕಸ ಹಾಕಬ್ಯಾಡಿ ಅಂತ. ಒಂದಿನಾನಾ ಮುಖ ತೋರ್ಸವ್ಳಾ? ಇವತ್ತೂ ಎಲ್ಲಾರ್ನೂ ಕರೆದ್ಬುಟ್ಟು ತಾನು ಹೊದ್ಕಂಡು ಮಲಗವ್ಳೆ, ನೋಡು. ಕೊಬ್ಬು!”

ಆ ಭುವನಾ ನಾನೇ ಎಂದು ಈಗ ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತದೆ? ಸರೋಜಮ್ಮ ನಾಚಿ ಕುಗ್ಗಿ, ‘ತಪ್ಪಾಯ್ತು ಮೇಡಂ’ ಎಂದು ಒಳಗೆ ಹೋಗುತ್ತಾಳೆ. ಆಮೇಲೆ ಎದುರು ಸಿಕ್ಕರೂ ಮುಖ ತಿರುಗಿಸುತ್ತಾಳೆ. ಭುವನಾಗೆ ಅದು ಬೇಡವಾಗಿತ್ತು.

“ಅಂಥೋರೂ ಇರ್ತಾರೆ ಕಣಕ್ಕ” ಎಂದಳು.

“ನಿನ್ನ ಹೆಸರೇನಮ್ಮ?”

“ಬಸವಮ್ಮ.” ನಾಲಿಗೆಗೆ ಬಂದದ್ದು ಸತ್ತುಹೋದ ಅಮ್ಮನ ಹೆಸರು.

“ಮುಂದಿನ್ ಭಾನುವಾರಾನೂ ಬಾ ಬಸವಮ್ಮ. ಆ ಕಲ್ಲುಮಣ್ಣು ಇಬ್ರೂ ಸೇರಿ ಎತ್ತಾಕಣ. ನಂಗೂ ಮಾತಾಡಕ್ಕೆ ಯಾರವ್ರೆ ಹೇಳು?”

“ಬತ್ತೀನಕ್ಕ, ತಪ್ಪದೆ ಬತ್ತೀನಿ.”

“ಯಾವ್ ಕಡೆ ನಿಮ್ಮನೆ?”

ಎಡಗಡೆ ಮೂರನೇ ತಿರುವಿನಲ್ಲಿ ಭುವನಾಳ ಮನೆ ಅಲ್ಲಿಂದಲೇ ಕಾಣುತ್ತಿತ್ತು. ಅವಳು ಕೈಯೆತ್ತಿ ಬಲಗಡೆಗೆ, ಬಡಾವಣೆಯಾಚೆಗೆ ತೋರಿಸಿದಳು.

“ಅಷ್ಟು ದೂರಾನಾ? ಬಿಸ್ಲು ಏರ್ತಾ ಐತೆ, ಬಿರ್ರನೆ ಹೋಗವ್ವ” ಎಂದು ಸರೋಜಮ್ಮ ಗೇಟಿನಲ್ಲೇ ನಿಂತು ನೋಡತೊಡಗಿದಳು. ಭುವನಾ ಗುದ್ದಲಿಯನ್ನು ಹೆಗಲಿಗೇರಿಸಿದಳು. ತನ್ನ ಮನೆಗೆ ಬೆನ್ನು ಹಾಕಿ, ತನಗೆ ಯಾರೂ ಇಲ್ಲದ ದಿಕ್ಕಿಗೆ ನಡೆದಳು.