ಎರಡೂವರೆ ತಾಸಿನ ಹಾದಿ

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಚಿತ್ತಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೆ ಹೆದರದವಳು ಒಬ್ಬಳೇ, ತಂಗಿ ಭಾಗಮ್ಮ. ಅಪ್ಪ ಅವ್ವ ಹೋದ ಮೇಲೆ ನಮಗೆ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ; 'ನಿನ್ನ ಜೊತೆ ಬಾಳುವವಳು ಇನ್ನೂ ಹುಟ್ಟಿಲ್ಲ' ಎಂದು ಅವಳೇ ನಗುತ್ತಿದ್ದಳು. ಅವಳನ್ನು ಮುಂಬಯಿಯ ಗಿರಣಿಯಲ್ಲಿದ್ದ ತಮ್ಮಣ್ಣನಿಗೆ ಕೊಟ್ಟಿದ್ದೆ.

ಐವತ್ಮೂರರ ಮಾಘದಲ್ಲಿ ಒಂದು ಬೆಳಿಗ್ಗೆ ತಾರು ಬಂತು. ಭಾಗಮ್ಮ ತೀರಿಕೊಂಡಳು, ಬೇಗ ಬಾ.

ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸಿದ ಮೇಲೆಯೇ ಮಣ್ಣು. ಅಲ್ಲಿಯತನಕ ಹೆಣವನ್ನು ಕೂರಿಸಿ, ಮುಂದೆ ಭಜನೆ ಮಾಡುತ್ತ ದಾರಿ ಕಾಯುತ್ತಾರೆ. ಅವಳ ತವರೆಂದರೆ ನಾನೊಬ್ಬನೇ. ಹಸಿರು ಇಳಕಲ್ ಸೀರೆ ಕೊಂಡು, ಜೋಳ ಮಾರಿದ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಸ್ಟೇಷನ್ನಿಗೆ ಓಡಿದೆ.

ತಾರಿನ ಬಾಬು ಅಂಬಾರಾಯ ಹೇಳಿದ: "ಮಧ್ಯಾನದ ಗಾಡಿಗಿ ವಾಡಿಗಿ ಹೋಗ್ರಿ. ಅಲ್ಲಿ ಮುಂಬೈ ಮೇಲ್ ಸಿಗ್ತದ. ನಾಳಿ ಮುಂಜಾನಿ ಮುಟ್ತೀರಿ."

"ನಾಳಿ ಮುಂಜಾನಿ? ಅಷ್ಟೊತ್ತನಾ ನಮ್ ತಂಗಿ ಹಂಗೇ ಕುಂತಿರಬೇಕೇನು?"

ಹೋದ ವಾರವಷ್ಟೇ ತಹಸೀಲಿನ ಗುಮಾಸ್ತ ಖಂಡಪ್ಪ ಕಟ್ಟೆಯ ಮೇಲೆ ಕೂತು ಹೇಳಿದ್ದ: ಹೈದರಾಬಾದಿನಿಂದ ಮುಂಬಯಿ ನಾನೂರು ಮೈಲು, ವಿಮಾನಕ್ಕೆ ಎರಡೂವರೆ ತಾಸು. ಆ ಎರಡೂವರೆ ತಾಸು ನನ್ನ ತಲೆ ಹೊಕ್ಕು ಕೂತುಬಿಟ್ಟಿತು.

"ನಾ ಇಮಾನಕ್ಕ ಹೋಗ್ತೀನಿ. ತಾರು ಬರಿ."

"ಸೂಗಪ್ಪನೋರೆ, ಹೈದ್ರಾಬಾದ ಉಲ್ಟಾ ದಿಕ್ಕರಿ. ಅಲ್ಲಿ ಮುಟ್ಟಾದ್ರಾಗೇ ಹೊತ್ತು ಮುಳುಗ್ತದ..."

"ನೀ ಬರಿಯೋ ಮಾರಾಯ! ನಿನ್ನ ಕೇಳಿ ಹೋಗಬೇಕೇನು ನಾ?"

ಪಾಪ, ಬರೆದ: 'ವಿಮಾನದಲ್ಲಿ ಬರುತ್ತಿದ್ದೇನೆ. ಕಾಯಿರಿ.'

ಸೇಡಂ, ತಾಂಡೂರು ದಾಟಿ ಹೈದರಾಬಾದ್ ಮುಟ್ಟಿದಾಗ ದೀಪ ಹಚ್ಚಿದ್ದರು. ಅವತ್ತಿನ ವಿಮಾನ ಎಂದೋ ಹೋಗಿತ್ತು. ಮರುದಿನ ಬೆಳಿಗ್ಗೆ ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ನನ್ನನ್ನೂ ನನ್ನ ಗಂಟನ್ನೂ ಹತ್ತಿಯ ಮೂಟೆಯ ಹಾಗೆ ತೂಗಿ ಹತ್ತಿಸಿದರು. ಸರಿಯಾಗಿ ಎರಡೂವರೆ ತಾಸಿಗೆ ಮುಂಬಯಿಯಲ್ಲಿ ಇಳಿಸಿದರು. ಖಂಡಪ್ಪ ಸುಳ್ಳು ಹೇಳಿರಲಿಲ್ಲ.

ಚಾಳಿನ ಕೋಣೆ ತೊಳೆದಿತ್ತು. ತಮ್ಮಣ್ಣ ಹೊಸ್ತಿಲಲ್ಲಿ ಒಬ್ಬನೇ ಕೂತಿದ್ದ.

"ನಿನ್ನಿ ಸಂಜಿಗೇ ಮಣ್ಣಾತು, ಸೂಗಪ್ಪಣ್ಣ. ನಿಮ್ ತಾರು ಮಧ್ಯಾನ ಬಂತು. ಎರಡೂವರಿ ತಾಸಿನ ಹಾದಿ ಅಂದ್ರು ಎಲ್ಲಾರೂ. ಐದು ತಾಸು ಕಾದ್ವಿ. ಬರಂಗಿಲ್ಲ ಅಂತ ತಿಳ್ಕೊಂಡು ಮಣ್ಣಿಗಿ ಬಂದಿದ್ದ ಅಯ್ಯನೋರೇ ತವರಿನ ಹೆಸರಲೆ ಒಂದು ಸೀರಿ ಹೊದಿಸಿದ್ರು."

"ಮುಂಜಾನಿತನಾ ಕಾಯಾಕ ಆಗಲಿಲ್ಲೇನೋ ನಿಮಗ?"

"ರೈಲಿಗಿ ಬರ್ತೀನಂದಿದ್ರ ಕಾಯ್ತಿದ್ವಿ. ಮೇಲ್ ಬರೂತನಾ ಭಜನಿ ಮಾಡಬೇಕಂತ ಚಾಳಿನ ಮಂದಿ ಮೊದಲ ಕುಂತಿದ್ರು. ಆಮ್ಯಾಲೆ ನಿಮ್ ತಾರು ಬಂತು."

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ? ಜಗಳಗಂಟನಿಗೆ ಅವತ್ತು ಜಗಳಕ್ಕೂ ಒಬ್ಬರು ಸಿಗಲಿಲ್ಲ. ನನ್ನವರೆನ್ನುವವರು ಯಾರೂ ಉಳಿದಿಲ್ಲ ಎಂಬುದು ಅಲ್ಲಿ ನಿಂತಾಗಲೇ ತಿಳಿದದ್ದು. ಅವಳಿಗೆ ಮಣ್ಣು ಕೊಡುವ ಹೊತ್ತಿಗೆ ನಾನು ತಾಂಡೂರಿನ ಆಚೆ ಕಿಟಕಿಯ ಪಕ್ಕ ಕೂತು, ತಂಗಿಗಾಗಿ ವಿಮಾನ ಹತ್ತುವ ಅಣ್ಣ ಚಿತ್ತಾಪುರದಲ್ಲಿ ಇನ್ನಾರಿದ್ದಾರೆ ಎಂದು ಎದುರಿನವರಿಗೆ ಹೇಳುತ್ತಿದ್ದೆ.