ಎಣಿಸದ ಹಿಂಡು

ಬಿಬಿಎ ಓದುವವರು ಲೆಕ್ಕ, ತೆರಿಗೆ, ಮಾರುಕಟ್ಟೆ ಎಲ್ಲ ಪಾಸಾದರೂ ಸಾಲದು, ಕಲಾ ವಿಭಾಗದ ಒಂದು ಪತ್ರಿಕೆಯಲ್ಲೂ ಪಾಸಾಗಬೇಕು. ಇಲ್ಲದಿದ್ದರೆ ಡಿಗ್ರಿ ಇಲ್ಲ. ಆ ಪತ್ರಿಕೆಗೆ ಮುಕ್ತ ಆಯ್ಕೆ ಎಂದು ಹೆಸರು. ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಇರುವುದು ಜಾನಪದ ಒಂದೇ. ಹಾಗಾಗಿ ಅದು ಮುಕ್ತವೂ ಅಲ್ಲ, ಆಯ್ಕೆಯೂ ಅಲ್ಲ. ಅದಿಲ್ಲದೆ ಮುಕ್ತಿ ಮಾತ್ರ ಇಲ್ಲ. ಕಲಿಸುವವನು ನಾನು, ದಿಲೀಪ, ಅತಿಥಿ ಉಪನ್ಯಾಸಕ. ಇಷ್ಟು ವರ್ಷ ಅತಿಥಿಯಾಗಿದ್ದೇನೆ, ಊಟಕ್ಕೆ ಕರೆದವರಿಲ್ಲ.

ಕ್ಲಾಸು ಮಧ್ಯಾಹ್ನ, ಎಲ್ಲರೂ ಬುತ್ತಿ ಖಾಲಿ ಮಾಡಿ ಕಣ್ಣಲ್ಲಿ ನಿದ್ದೆ ತುಂಬಿಕೊಂಡು ಬಂದ ಹೊತ್ತಿಗೆ. ಎಚ್ಚರವಾಗಿಡಲು ನಾನು ಪ್ರಿನ್ಸಿಪಾಲರ ಧ್ವನಿ ತೆಗೆಯುತ್ತೇನೆ, ಬಸ್ ಕಂಡಕ್ಟರನದು ತೆಗೆಯುತ್ತೇನೆ, ಮೈಕಿನ ಕೀರಲು ಕೂಡ ತೆಗೆಯುತ್ತೇನೆ. ಹುಡುಗರು ನಗುತ್ತಾರೆ. ಶೀತಲ ಮಾತ್ರ ನಗುತ್ತಿರಲಿಲ್ಲ, ನಿದ್ದೆಯಲ್ಲಿರುತ್ತಿದ್ದಳು. ನಿರ್ಣಾದಿಂದ ಮನ್ನಾಏಖೇಳ್ಳಿಗೆ ಬಂದು, ಅಲ್ಲಿಂದ ಹುಮನಾಬಾದಿಗೆ ಬಂದು, ಮತ್ತೆ ಬಸ್ಸು ಹತ್ತಿ ಬರುವ ಹುಡುಗಿಯನ್ನು ಎಬ್ಬಿಸುವ ಧೈರ್ಯ ನನಗಾಗಲಿಲ್ಲ. ಅವರದು ಕುರಿ ಕಾಯುವ ಮನೆ. ಬಿಬಿಎಯ ಪತ್ರಿಕೆಗಳಲ್ಲೆಲ್ಲ ಅವಳೇ ಮುಂದು. ಕಲಬುರಗಿಯಲ್ಲಿ ಎಂಬಿಎ ಸೀಟು ಸಿಕ್ಕಿತ್ತು. ಈ ಸಲ ಡಿಗ್ರಿ ಪೂರ್ತಿಯಾಗದಿದ್ದರೆ ಸೀಟು ಬೇರೆಯವರದು.

“ಮನ್ಯಾಗ ಏನದ ಅದನ್ನೇ ಬರಿ,” ಎಂದಿದ್ದೆ ಜಾನಪದದ ಪ್ರಾಜೆಕ್ಟಿಗೆ. ಬರೆದಳು. ಅವಳ ಆಯಿ, ಅಂದರೆ ಅಜ್ಜಿ, ಧೂಳಮ್ಮನ ಹಿಂಡಿನಲ್ಲಿ ಕುರಿ ಎಣಿಸುವಂತಿಲ್ಲ. ಎಣಿಸಿದರೆ ಹಿಂಡು ಕರಗುತ್ತದೆ. ಸಂಜೆ ಕುರಿಗಳು ಬಲೆಯ ಬೇಲಿಯೊಳಗೆ ಹೋಗುವಾಗ ಆಯಿ ಬೇಲಿಯ ಬಾಯಲ್ಲಿ ನಿಂತು ಮುಖ ನೋಡುತ್ತಾಳೆ; ಒಂದು ಬಾರದಿದ್ದರೆ ‘ಬೋಳಿ ಎಲ್ಲಿ?’ ಎಂದು ಹೆಸರು ಹಿಡಿದು ಕೇಳುತ್ತಾಳೆ. ಸಂಖ್ಯೆಯ ಮಾತೇ ಇಲ್ಲ. ಓದಿ ನನಗೇ ನಿದ್ದೆ ಹಾರಿತು. ಒಳ್ಳೆಯ ಅಂಕ ಕೊಟ್ಟೆ.

ಈ ವರ್ಷ ಪ್ರಿನ್ಸಿಪಾಲರು ಹೊಸದೊಂದು ತಂದರು. ವ್ಯವಹಾರವೂ ಕಲೆಯೂ ಬೇರೆಯಲ್ಲ, ಆದ್ದರಿಂದ ಮೌಖಿಕ ಪರೀಕ್ಷೆಗೆ ಎರಡೂ ವಿಭಾಗದವರು ಒಂದೇ ಮೇಜಿನಲ್ಲಿ ಕೂಡಬೇಕು. ಹಾಗೆ ನಾನು ಮತ್ತು ಬಿಬಿಎ ಮುಖ್ಯಸ್ಥ ಅಶೋಕಕುಮಾರ ಸರ್ ಒಂದೇ ಫ್ಯಾನಿನ ಕೆಳಗೆ ಕೂತೆವು. ಫ್ಯಾನು ಅವರ ಕಡೆಗೇ ಬೀಸುತ್ತಿತ್ತು.

ಶೀತಲ ಬಂದು ನಿಂತಳು. ಅಶೋಕಕುಮಾರ ಸರ್ ನನ್ನ ಮುಂದಿದ್ದ ಅವಳ ಜಾನಪದದ ಪ್ರಾಜೆಕ್ಟು ಎಳೆದುಕೊಂಡು ಓದಿದರು. ತಮ್ಮ ಮುಂದಿದ್ದ ಅವಳದೇ ಇನ್ನೊಂದನ್ನು ಓದಿದರು. ಅದರ ಹೆಸರು ‘ಕುಟುಂಬ ಉದ್ಯಮ: ಒಂದು ಕುರಿ ಹಿಂಡಿನ ವೆಚ್ಚ ಮತ್ತು ಲಾಭ’. ಮೊದಲ ಪುಟದಲ್ಲೇ ಹಿಂಡಿನ ಸಂಖ್ಯೆ.

“ದಿಲೀಪ ಅವರೆ, ನಿಮ್ಮದ್ರಾಗ ಎಣಸಂಗಿಲ್ಲ ಅಂತದ. ನಂದ್ರಾಗ ಎಣಸ್ಯಾಳ. ಯಾವ್ದು ಸುಳ್ಳ?”

“ಎರಡೂ ಖರೇ ಅದಾವ್ರಿ ಸರ್,” ಎಂದಳು ಶೀತಲ.

“ಹ್ಯಾಂಗ? ಹಿಂಡು ಆಯಿದು ಅಂತ ಇಲ್ಲಿ ಬರ್ದೀ. ಮಾಲಕರ ಸಹಿ ಇರೋ ಜಾಗದಾಗ ಪಂಡರಿ ಅಂತದ.”

“ನಮ್ಮ ಅಪ್ಪನ್ದರಿ.”

“ಅಪ್ಪಂದು ನಡ್ಯಂಗಿಲ್ಲ. ಮಾಲಕರೇ ಈ ಅಂಕಿ ಬರೋಬ್ಬರಿ ಅದ ಅಂತ ಒಪ್ಪಬೇಕು. ನಾಳಿಗಿ ಆಯಿ ಹೆಬ್ಬಟ್ಟು ತಾ. ಇಲ್ಲಂದ್ರ ಪ್ರಾಜೆಕ್ಟ್ ರದ್ದು. ನಾ ಏನ್ ಮಾಡ್ಲವ್ವ, ನಾಳಿ ಸಂಜಿಕೆ ಮಾರ್ಕ್ಸ್ ಅಪ್‌ಲೋಡ್ ಅದ.” ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು, ಮುಂದಿನ ಹುಡುಗನನ್ನು ಕರೆದರು.

ನಾನಿರುವುದು ಹುಮನಾಬಾದಿನಲ್ಲಿ. ಮರಳುವ ಬಸ್ಸಿನಲ್ಲಿ ಅವಳು ನನ್ನ ಹಿಂದಿನ ಸೀಟಿನಲ್ಲಿದ್ದಳು. ಆ ದಿನ ಮಲಗಲಿಲ್ಲ.

“ಎಣಿಸಿದ್ದು ಯಾರು?” ಎಂದೆ.

“ನಾನೇರಿ. ಬಾಯಿಲೆ ಎಣಸಿಲ್ರಿ ಸರ್. ಒಂದೊಂದು ಒಳಗ ಹೋದಂಗ ಮೊಬೈಲ್ ಕ್ಯಾಲ್ಕುಲೇಟರ್‌ನ್ಯಾಗ ಒತ್ಕೊಂತ ಹೋದೆ. ಆಯಿ ಬಾಜೂಕೇ ನಿಂತಿದ್ಳು. ವಾಟ್ಸಾಪ್ ನೋಡಾಕತ್ತೀಯೇನ ಅಂದ್ಳು, ಹೂಂ ಅಂದೆ.” ಸ್ವಲ್ಪ ದೂರ ಹೋದ ಮೇಲೆ ಹೇಳಿದಳು, “ನೀವು ಬರ್ರಿ ಸರ್. ನನಗೊಬ್ಬಾಕಿಗೆ ಆಗಂಗಿಲ್ಲ.”

ಹಿಂಡು ಆಗ ಮಾಣಿಕನಗರದ ಆಚೆಯ ಹೊಲದಲ್ಲಿತ್ತು. ಗೊಬ್ಬರಕ್ಕೆಂದು ಹೊಲದವರು ಕರೆಸಿ ನಿಲ್ಲಿಸಿಕೊಂಡಿದ್ದರು. ಹುಮನಾಬಾದಿನಲ್ಲಿ ಇಳಿದು ಇಂಕ್ ಪ್ಯಾಡು ಕೊಂಡೆ, ಆಟೊ ಹಿಡಿದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಸುಳ್ಳಿಗೆ ಧ್ವನಿ ಹುಡುಕುತ್ತಿದ್ದೆ. ತಹಸೀಲ್ದಾರರ ಗತ್ತು ಬೇಡ, ಆಯಿ ಹೆದರಬಹುದು. ಬ್ಯಾಂಕಿನವರ ನಯ ಇನ್ನೂ ಬೇಡ, ಖಂಡಿತ ಹೆದರುತ್ತಾಳೆ.

ಹೊತ್ತು ಇಳಿಯುತ್ತಿತ್ತು. ಧೂಳಮ್ಮ ಬಲೆಯ ಗೂಟ ಬಿಗಿಯುತ್ತಿದ್ದಳು.

“ಯಾರಿವ್ರು, ಶೀತಲವ್ವಾ?”

“ನಮ್ಮ ಸರ್ ಆಯಿ. ಕಾಲೇಜಿನವ್ರು.”

“ಬರ್ರಿ ಮಾಸ್ತರ. ಬಿಸಲಾಗ ಬಂದ್ರೇನು? ನೀರು ಕುಡೀರಿ.” ಬಾಟಲಿ ಕೊಟ್ಟಳು. “ಇಕಿ ಅಲ್ಲಿ ಓದತಾಳೋ ಮಲಗತಾಳೋ?”

“ಎರಡೂ ಮಾಡ್ತಾಳ ಆಯಿ,” ಎಂದೆ. ಧೂಳಮ್ಮ ನಕ್ಕಳು. ಅವಳು ನಗುತ್ತಿರುವಾಗಲೇ ಕೆಲಸ ಮುಗಿಸಬೇಕೆಂದು ಪ್ರಾಜೆಕ್ಟಿನ ಸಹಿಯ ಕಾಗದ ತೆಗೆದೆ. “ಇಲ್ಲೊಂದು ಹೆಬ್ಬಟ್ಟು ಬೇಕಿತ್ತು.”

“ಏನ ಬರದದ ಇದ್ರಾಗ?”

“ಹುಡುಗಿ ಪಾಸಾಗಲಿ ಅಂತ ಬರದದ,” ಎಂದೆ, ನನ್ನದೇ ಧ್ವನಿಯಲ್ಲಿ. ಅದೇ ಸರಿಯಾಗಿ ಹೊರಡಲಿಲ್ಲ.

“ಅಲ್ಲ ಆಯಿ,” ಎಂದಳು ಶೀತಲ. “ಕುರಿ ಎಷ್ಟವ ಅಂತ ಬರದದ. ಮರಿ ಬಿಟ್ಟು ದೊಡ್ಡವು ನಾ ಎಣಸೀನಿ.”

ಧೂಳಮ್ಮ ಗೂಟ ಬಡಿಯುತ್ತಿದ್ದ ಕಲ್ಲು ಕೆಳಗಿಟ್ಟಳು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಅವಳು ಕುರಿಗಳ ಕಡೆ ತಿರುಗಿ ನೋಡಿದಳು, ಆಗಲೇ ಕಡಿಮೆಯಾಗಿವೆಯೋ ಎಂಬಂತೆ.

“ಯಾವಾಗ?”

“ದೀಪಾವಳಿ ಮುಂದ.”

“ಅದಕ್ಕೇ ಮಳಿಗಾಲದಾಗ ಹುಟ್ಟಿದ ಮರಿ ಚಳಿಗಾಲದಾಗ ಅಷ್ಟು ಹೋದ್ವು.”

“ಅದು ರೋಗ ಆಯಿ. ಡಾಕ್ಟರ್ ಅಂದಿದ್ರಲ್ಲ.”

“ಡಾಕ್ಟರ್ ಅಂತಾರ. ನೀನೂ ಅಂತಿ. ನಾ ಏನ್ ಅನ್ಲಿ?” ಕುಳಿತುಕೊಂಡಳು. ಕಾಲು ಚಾಚಿ ಮೊಣಕಾಲು ತಿಕ್ಕಿಕೊಂಡಳು. “ಹೆಬ್ಬಟ್ಟು ಒತ್ತಿಲ್ಲಂದ್ರ?”

“ಡಿಗ್ರಿ ಬರಂಗಿಲ್ಲ. ಕಲಬುರಗಿ ಹೋಗಂಗಿಲ್ಲ.”

“ಒತ್ತಿದ್ರ ನನ್ನ ಹಿಂಡು ಅಷ್ಟಕ್ಕೇ ನಿಂತು ಹೋತದ. ಕಾಗದದಾಗ ಕೂತು ಬಿಡ್ತದ.” ನನ್ನ ಕಡೆ ನೋಡಿದಳು. “ಹೌದಿಲ್ಲೋ ಮಾಸ್ತರ?”

ಜಾನಪದ ಕಲಿಸುವವನು ನಾನು. ಇಲ್ಲವೆನ್ನಲು ಬಾಯಿ ಬರಲಿಲ್ಲ, ಹೌದೆನ್ನಲು ಅಶೋಕಕುಮಾರ ಸರ್ ಬಿಡುವುದಿಲ್ಲ.

ಧೂಳಮ್ಮ ಎದ್ದಳು. “ಒತ್ತತೀನಿ. ಮದ್ಲ ಒಂದು ಕುರಿ ಹೊರಗ ಹಾಕ್ರಿ. ಆಮ್ಯಾಲ ಬರದದ್ದು ಬರದದ್ದೇ, ಹಿಂಡು ಹಿಂಡೇ.”

“ಮಾರೋದೇನ ಆಯಿ?” ಎಂದಳು ಶೀತಲ.

“ಎಣಿಸಿದ್ದಕ್ಕ ರೊಕ್ಕ ತಗೋತಾರೇನ? ಸುಮ್ನ ಕೊಡಬೇಕು. ಮನಿ ಬಿಟ್ಟು ಹೊರಗ. ಎಣಿಸಿದಾಕಿನೇ ತೆಗೀಬೇಕು.”

“ಆಯಿ, ಹಂಗಾದ್ರ ಕಾಗದದಾಗಿಂದು ಸುಳ್ಳಾಯ್ತದಲ್ಲ,” ಎಂದೆ.

“ಇರಲಿ. ನಿಮಗ ಹೆಬ್ಬಟ್ಟು ಬೇಕಲ, ಖರೇ ಯಾಕ ಬೇಕು?”

ಶೀತಲ ಬಲೆಯೊಳಗೆ ಹೋದಳು. ಕುಂಟುವುದೊಂದಿತ್ತು, ಮುದಿಯದೊಂದಿತ್ತು. ಯಾವುದನ್ನು ತೆಗೆದರೂ ಲೆಕ್ಕ ತಪ್ಪುತ್ತಿತ್ತು. ಅವಳು ಅವುಗಳನ್ನು ದಾಟಿ ಹೋಗಿ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಒಂದರ ಕೊರಳು ಹಿಡಿದು ತಂದಳು. ಚುಕ್ಕಿ. ತಾಯಿ ಸತ್ತ ಮರಿ, ಅವಳೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು ಎಂದು ಆಮೇಲೆ ತಿಳಿಯಿತು.

“ಬ್ಯಾರೇದು ತಗೀಯವ್ವ,” ಎಂದಳು ಧೂಳಮ್ಮ. ಆ ಒಂದು ಮಾತಿಗೆ ಅವಳ ಧ್ವನಿ ಇಳಿಯಿತು.

“ಬ್ಯಾರೇವು ನಿನ್ನವು ಆಯಿ.”

ಹಗ್ಗ ನನ್ನ ಕೈಗೆ ಬಂತು. ಹೊರಗಿನವನೆಂದರೆ ಅಲ್ಲಿ ನಾನೊಬ್ಬನೇ. ಧೂಳಮ್ಮ ಇಂಕ್ ಪ್ಯಾಡಿನ ಮೇಲೆ ಹೆಬ್ಬೆರಳು ಒತ್ತಿ, ಕಾಗದದ ಮೇಲೆ ಒತ್ತಿ, ಬೆರಳನ್ನು ಮಣ್ಣಿಗೆ ಉಜ್ಜಿದಳು. ಕಾಗದವನ್ನು ನೋಡಲೇ ಇಲ್ಲ.

ಚುಕ್ಕಿ ಹೆಜ್ಜೆ ಎತ್ತಲೊಲ್ಲದು. ನಾನು ಕುರಿಯ ಧ್ವನಿ ತೆಗೆದೆ. ಕ್ಲಾಸಿನಲ್ಲಿ ಅದಕ್ಕೆ ಬೆಂಚು ಬಡಿದು ನಗುತ್ತಾರೆ. ಚುಕ್ಕಿ ಕಿವಿಯನ್ನೂ ಆಡಿಸಲಿಲ್ಲ. ಕೊನೆಗೆ ಶೀತಲ ಮುಂದೆ ನಡೆದು, ನಾಲಿಗೆಯಲ್ಲಿ ಏನೋ ಸದ್ದು ಮಾಡಿದಳು, ಮೆಲ್ಲಗೆ, ದಣಿದವರು ನೀರು ಕೇಳುವ ಹಾಗೆ. ಚುಕ್ಕಿ ಅವಳ ಹಿಂದೆ ಹೊರಟಿತು. ಹಗ್ಗ ಹಿಡಿದು ನಾನು ಅದರ ಹಿಂದೆ. ಆಟೊದವರು ಕುರಿ ನೋಡಿ ನಿಲ್ಲಿಸಲಿಲ್ಲ. ಹುಮನಾಬಾದಿನವರೆಗೂ ನಡೆದೆವು.

ನನ್ನ ಬಾಡಿಗೆ ಮನೆಯ ಪಕ್ಕದ ಕಾಸಿಂ ಅಂಗಳದಲ್ಲಿ ಆಡು ಸಾಕುತ್ತಾನೆ. ವಿಷಯ ಹೇಳಿದೆ.

“ಕೊಯ್ಯಾಕ?” ಎಂದ ಕಾಸಿಂ.

“ಸಾಕಾಕ,” ಎಂದಳು ಶೀತಲ. ತಾನೇ ಗೂಟಕ್ಕೆ ಕಟ್ಟಿದಳು, ಗಂಟು ಎಳೆದು ನೋಡಿದಳು. “ಇದಕ ಬೇವಿನ ಸೊಪ್ಪು ಬ್ಯಾಡ್ರಿ ಕಾಸಿಂ ಚಾಚಾ, ತಿನ್ನಂಗಿಲ್ಲ,” ಎಂದು ಮನ್ನಾಏಖೇಳ್ಳಿಯ ಬಸ್ಸಿಗೆ ಹೋದಳು.

ಮರುದಿನ ಅಶೋಕಕುಮಾರ ಸರ್ ಹೆಬ್ಬೆಟ್ಟು ನೋಡಿ, ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಕೇಳಿದರು. ಅಂಕಿ ತಪ್ಪೆಂದು ಗೊತ್ತಿದ್ದೇ ಹಾಕಿದೆ. ಅವರು ಮಾರ್ಕ್ಸ್ ತುಂಬಿದರು, ನಾನೂ ತುಂಬಿದೆ. ಎರಡು ವಿಭಾಗಗಳ ಸಮನ್ವಯ ಅಲ್ಲಿಗೆ ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಶೀತಲ ಕೂತಿದ್ದಳು.

“ಆಯ್ತು. ಎರಡೂ ಪಾಸು,” ಎಂದೆ.

“ಹೌದ್ರಿ?” ಎಂದಳು. “ಸರ್, ಈಗ ಖುಷಿ ಆಗ್ಬೇಕಲ್ರಿ?”

“ಆಗ್ತದ. ಮದ್ಲ ನಿದ್ದಿ ಮಾಡು.”

ಹುಮನಾಬಾದಿನ ಬಸ್ಸು ಗೇಟಿನ ಮುಂದೆ ಬಂದು ಹಾರ್ನ್ ಹಾಕಿತು. ಹುಡುಗರು ಓಡಿದರು. ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು, ಏಳಲಿಲ್ಲ.

“ಮುಂದಿನ ಬಸ್ಸಿಗಿ ಹೋಗ್ತೀನ್ರಿ ಸರ್,” ಎಂದಳು.

ನಾನೂ ಅಲ್ಲೇ ಕೂತೆ. ಬಸ್ಸು ಧೂಳೆಬ್ಬಿಸಿ ಹೋಯಿತು.