ಮುಚ್ಚಳದಕ್ಕ

ಕೈಯಲ್ಲಿ ಏನೂ ಇಲ್ಲದಾಗಲೂ ಆಕೆ ತುಂಬಿದ ಬಟ್ಟಲು ಹಿಡಿದವರಂತೆಯೇ ನಡೆಯುತ್ತಾರೆ. ಮೊಣಕೈಗಳು ಪಕ್ಕೆಗೆ ಅಂಟಿಕೊಂಡಿರುತ್ತವೆ. ಹೆಜ್ಜೆಗಳು ಚಿಕ್ಕವು, ಆದರೆ ಒಂದರ ಹಿಂದೊಂದು ಎಡೆಬಿಡದೆ ಬರುವಂಥವು. ದೃಷ್ಟಿ ಎರಡು ಮಾರು ಮುಂದಿನ ನೆಲದ ಮೇಲೆ. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದರೆ ನಾವೆಲ್ಲ ಹಾರಿ ಪಕ್ಕಕ್ಕೆ ಸರಿಯುತ್ತೇವೆ. ಆಕೆ ಮಾತ್ರ, ಬೇಕಾದರೆ ಸೈಕಲ್ಲೇ ತನ್ನನ್ನು ಬಳಸಿ ಹೋಗಲಿ ಎಂಬ ನಿಶ್ಚಿಂತೆಯಿಂದ ಅದೇ ಗತಿಯಲ್ಲಿ ಸಾಗುತ್ತಾರೆ, ಮತ್ತು ಸೈಕಲ್ಲು ಬಳಸಿಯೇ ಹೋಗುತ್ತದೆ. ಒಂದು ಹಲ್ಲಿನ ಆಸ್ಪತ್ರೆಯ ಹಿಂದಿನ ಮೆಟ್ಟಿಲಿನಿಂದ ಮುಂದಿನ ಕಾಯುವ ಕೋಣೆಯವರೆಗೆ ಇಪ್ಪತ್ತಾರು ವರ್ಷ ಬಿಸಿ ಕಷಾಯದ ಬಟ್ಟಲುಗಳನ್ನು ತೊಟ್ಟೂ ಚೆಲ್ಲದಂತೆ ಒಯ್ದವರ ನಡಿಗೆ ಅದು.

ರೋಗಿಗಳು ಮೊದಮೊದಲು ‘ಸಿಸ್ಟರ್’ ಎಂದು ಕರೆಯುತ್ತಿದ್ದರಂತೆ. “ಸಿಸ್ಟರ್ ಅಲ್ಲ, ಅಟೆಂಡರ್” ಎಂದು ಎಲ್ಲರ ಎದುರಿಗೇ ತಿದ್ದುತ್ತಿದ್ದರಂತೆ. ಅಟೆಂಡರ್ ಎಂದು ಕೂಗಲು ಯಾರಿಗೂ ಬಾಯಿ ಬಾರದೆ ಕೊನೆಗೆ ‘ಮುಚ್ಚಳದಕ್ಕ’ ಎಂಬ ಹೆಸರು ನಿಂತಿತು. ಹಿಂದಿನ ಡಾಕ್ಟರು ಹೊಲಿಸಿಕೊಂಡು, ಹೊಟ್ಟೆಗೆ ಬಿಗಿಯಾಯಿತೆಂದು ಬಿಟ್ಟುಕೊಟ್ಟ ಬಿಳಿ ಕೋಟನ್ನು ಅಕ್ಕ ತೋಳು ಮೂರು ಸಲ ಮಡಚಿ ತೊಡುತ್ತಾರೆ. ಅದರ ಬಲಜೇಬಿನಲ್ಲಿ ಒಂದು ಪುಟ್ಟ ಕತ್ತರಿ. ಎಡಜೇಬಿನಲ್ಲಿ, ನಾನು ಹೇಳುತ್ತಿರುವ ಕಾಲದಲ್ಲಿ, ಮೂರೋ ನಾಲ್ಕೋ ಸ್ಟೀಲಿನ ಮುಚ್ಚಳಗಳು. ಆಕೆ ಬರುತ್ತಿರುವುದು ಕಣ್ಣಿಗೆ ಬೀಳುವ ಮೊದಲೇ ಆ ಮುಚ್ಚಳಗಳ ಸದ್ದು ಕಿವಿಗೆ ಬೀಳುತ್ತಿತ್ತು.

ಕಷಾಯ ಯಾವುದರದು ಎಂಬುದನ್ನು ಹೇಳಬೇಕು. ಸಸಿ ಮಾರುವವರು ಲೆಮನ್ ಬಾಮ್ ಎಂದು ಕರೆಯುವ ಈ ಗಿಡ ಪುದೀನದ ದಾಯಾದಿ. ಎಲೆ ತುಸು ಅಗಲ, ಮೈಯೆಲ್ಲ ಸುಕ್ಕು, ಅಂಚಿಗೆ ಸಣ್ಣ ಹಲ್ಲುಗಳು. ನೋಡಿದವರು ಪುದೀನವೆಂದೇ ತಿಳಿದು ಚಟ್ನಿಗೆ ಕೇಳುವುದುಂಟು. ಆದರೆ ಒಂದೆಲೆ ಹಿಸುಕಿ ಮೂಗಿಗೆ ಹಿಡಿದರೆ ಆಗತಾನೇ ಹೆಚ್ಚಿದ ನಿಂಬೆಯ ಪರಿಮಳ. ಬೇಸರ, ಕಳವಳ, ನಿದ್ರೆ ಬಾರದ ಸಂಕಟಗಳಿಗೆ ಇದನ್ನು ಕುಡಿಯುವ ರೂಢಿ ಬಹಳ ಹಳೆಯದು. ಆಸ್ಪತ್ರೆಯ ಹಳೆಯ ಕುರ್ಚಿ ಮೂಲೆಗೆ ಬಿದ್ದಾಗ ಅದರ ಪಕ್ಕದ, ಬಾಯಿ ಮುಕ್ಕಳಿಸಿ ಉಗಿಯುವ ಪಿಂಗಾಣಿ ಬೋಗುಣಿಯನ್ನು ಅಕ್ಕ ಬೇಡಿ ಪಡೆದರು. ನೀರು ಇಳಿದುಹೋಗಲು ತೂತು ಅದರಲ್ಲಿ ಮೊದಲೇ ಇತ್ತು! ಮೊದಲ ಗಿಡ ಬೇರೂರಿದ್ದು ಅದರಲ್ಲಿ. ಆಮೇಲೆ ಬೇರನ್ನು ಬಿಡಿಸಿ ಬಿಡಿಸಿ ಹಿಂದಿನ ಹನ್ನೊಂದು ಮೆಟ್ಟಿಲುಗಳಿಗೂ ಒಂದೊಂದು ಕುಂಡವಾಯಿತು. ಬೆಳಗಿನ ಹತ್ತರವರೆಗೆ ಬಿಸಿಲು, ಆಮೇಲೆ ಗೋಡೆಯ ನೆರಳು. ಮಣ್ಣಿಗೆ ಬೆರಳಿಟ್ಟು ಮೊದಲ ಗೆಣ್ಣಿನವರೆಗೆ ಒಣಗಿದ್ದರಷ್ಟೇ ನೀರು. ಮೊಗ್ಗು ತಲೆಯೆತ್ತಿದ ಕೂಡಲೇ ಕತ್ತರಿ. “ಹೂ ಬಿಟ್ರೆ ಎಲೆ ಸಪ್ಪೆ. ನೆಲಕ್ಕೆ ಬಿಟ್ರೆ ಊರೆಲ್ಲಾ ಇದೇ” ಎನ್ನುವರು, ತುಂಟ ಮಗುವನ್ನು ಬೈಯುವ ತಾಯಿಯ ಹೆಮ್ಮೆಯಿಂದ.

ನನಗೂ ಆಕೆಗೂ ಪರಿಚಯವಾದದ್ದು ನನ್ನ ಹೇಡಿತನದಿಂದ. ಹನ್ನೆರಡು ವರ್ಷದ ಹಿಂದೆ ಕೊನೆಯ ದವಡೆಹಲ್ಲು ಕೀಳಿಸಲು ಹೋಗಿ, ಒಳಗಿನ ಯಂತ್ರದ ಗುಂಯ್ಗುಡುವಿಕೆ ಕೇಳುತ್ತ, ಜೀವವನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದೆ. ಎದುರಿಗೆ ಬಿಳಿ ಕೋಟು ಬಂದು ನಿಂತಿತು.

“ಹೆದರಿಕೆನಾ?”

“ಛೆ, ಏನಿಲ್ಲ” ಎಂದೆ.

“ಹಾಗಾದ್ರೆ ಆ ಕುರ್ಚಿ ಕೈ ಬಿಡಿ. ಅದು ಮೊದಲೇ ಅಲ್ಲಾಡ್ತಿದೆ. ದಿನಾ ಯಾವ ಮಾತ್ರೆ ತಗೋತೀರಾ? ನಿದ್ರೆಗೆ? ಥೈರಾಯ್ಡ್‌ಗೆ? ಬೇರೆ ಏನಾದ್ರೂ?”

ಯಾವುದೂ ಇಲ್ಲವೆಂದೆ. “ನೆನಪು ಮಾಡ್ಕೊಂಡು ಹೇಳಿ” ಎಂದರು. ನೆನಪು ಮಾಡಿಕೊಂಡು ಮತ್ತೆ ಇಲ್ಲವೆಂದ ಮೇಲೆಯೇ ಬಟ್ಟಲು ಬಂದದ್ದು, ಮೇಲೆ ಮುಚ್ಚಳ. ಆತುರದಿಂದ ತೆಗೆಯಹೋದ ನನ್ನ ಕೈಯನ್ನು ಎರಡು ಬೆರಳಿನಿಂದ ತಡೆದರು. “ಹತ್ತು ನಿಮಿಷ. ಮುಚ್ಚಳ ತೆಗೆದಿಟ್ರೆ ಔಷಧಿಯೆಲ್ಲಾ ಚಾವಣಿಗೆ, ಬರೀ ನೀರು ನಿಮಗೆ.” ಆ ಹತ್ತು ನಿಮಿಷ ನಾನು ಯಂತ್ರದ ಸದ್ದನ್ನು ಮರೆತು ಮುಚ್ಚಳವನ್ನೇ ನೋಡಿದೆ. ಕುಡಿದ ಮೇಲೆ ಭಯ ಹೋಯಿತೆಂದರೆ ಸುಳ್ಳಾದೀತು. ಅದು ನನ್ನ ಎದೆಯಿಂದ ಇಳಿದು ಪಕ್ಕದ ಕುರ್ಚಿಗೆ ಸರಿದು ಕುಳಿತಿತು, ಅಷ್ಟೆ. ಹಲ್ಲು ಕೀಳಿಸಿಕೊಳ್ಳಲು ಅಷ್ಟು ಸಾಕಾಗಿತ್ತು.

ತನ್ನ ಗಿಡದ ಬಗ್ಗೆ ಇಷ್ಟೊಂದು ಅಭಿಮಾನವಿದ್ದೂ ಇಷ್ಟು ಕಡಿಮೆ ಹೊಗಳುವವರನ್ನು ನಾನು ಕಂಡಿಲ್ಲ. “ವಾಸಿ ಮಾಡಲ್ಲ ಇದು. ಸ್ವಲ್ಪ ಸಮಾಧಾನ ಮಾಡುತ್ತೆ. ವಾಸಿ ಮಾಡೋದು ಒಳಗಿರೋ ಡಾಕ್ಟ್ರು” ಎನ್ನುವರು. ಬಸ್ಸಿನ ಚಾಲಕರೊಬ್ಬರು ಬಟ್ಟಲು ಕೇಳಿದಾಗ, ಇಲ್ಲಿಂದ ನೇರವಾಗಿ ಮನೆಗೋ ಕೆಲಸಕ್ಕೋ ಎಂದು ವಿಚಾರಿಸಿ, ಕೆಲಸಕ್ಕೆ ಎಂದು ತಿಳಿದು ಖಡಾಖಂಡಿತವಾಗಿ ನಿರಾಕರಿಸಿದರು. ಆ ಮನುಷ್ಯ ಮೂಗು ಮುರಿದರೆ, “ಸ್ಟೀರಿಂಗ್ ಹಿಂದೆ ನಿಮಗೆ ಸ್ವಲ್ಪ ಹೆದರಿಕೆ ಇದ್ರೇನೇ ನಮಗೆಲ್ಲಾ ಒಳ್ಳೇದು” ಎಂದು ಬರಿಯ ನೀರು ಕೊಟ್ಟು ಕಳಿಸಿದರು.

ಹಿಂದಿನ ಡಾಕ್ಟರು ನಿವೃತ್ತರಾಗಿ ಹೊಸಬರು ಬಂದಾಗ ಈ ವ್ಯವಸ್ಥೆಗೆ ಮೊದಲ ಬಾರಿಗೆ ಕುತ್ತು ಬಂತು. ಹೊಸ ಡಾಕ್ಟರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಕುಂಡಗಳನ್ನೆಲ್ಲ ನೋಡಿ, ಕಷಾಯವನ್ನು ಒಂದು ಗುಟುಕು ರುಚಿ ನೋಡಿ, “ಆರು ತಿಂಗಳು ನೋಡ್ತೀನಿ. ಒಬ್ಬರಿಗೆ ತೊಂದರೆ ಆಯ್ತು ಅಂದ್ರೂ ಇದನ್ನೆಲ್ಲಾ ನಿಲ್ಲಿಸಿಬಿಡಬೇಕು” ಎಂದರು. ಅಕ್ಕ ಒಪ್ಪಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಆಗದ ತೊಂದರೆ ಆರು ತಿಂಗಳಲ್ಲಿ ಆಗುವುದೇ ಎಂಬ ಧೈರ್ಯ. ಅದು ಜಂಬವಲ್ಲ, ಪ್ರತಿಯೊಬ್ಬರನ್ನೂ ಕೇಳಿಯೇ ಕೊಟ್ಟವರಿಗೆ ಸಲ್ಲುವ ಧೈರ್ಯ. ಐದು ತಿಂಗಳು ನಿರಾತಂಕವಾಗಿ ಕಳೆದವು.

ಆಕೆಯ ಜೊತೆ ಎರಡು ಕೋಣೆಯ ಮನೆಯಲ್ಲಿರುವವಳು ತಂಗಿ, ಶಾಲೆಯಲ್ಲಿ ಗಣಿತ ಕಲಿಸುವವಳು, ಲೆಕ್ಕದಷ್ಟೇ ಖಡಕ್ಕಾದ ಮಾತಿನವಳು. ನಿದ್ರೆ ಸರಿಯಾಗಿ ಬಾರದೆಂದು ಅವಳೂ ಕಷಾಯ ಹಿಡಿದಿದ್ದಳು. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುನ್ನ ಅಕ್ಕ ಅವಳ ಹಾಸಿಗೆಯ ಪಕ್ಕ ಒಂದು ಬಟ್ಟಲು ಮುಚ್ಚಿಟ್ಟು ಬರುವರು, ಸಂಜೆಗೊಂದು. ಕೆಲವು ತಿಂಗಳಾದ ಮೇಲೆ ತಂಗಿಗೆ ಕೂದಲು ಉದುರತೊಡಗಿತು, ಪಾದ ಊದಿತು, ಒಂದು ದಿನ ಕೈಯಲ್ಲಿ ಸೀಮೆಸುಣ್ಣ ಹಿಡಿದೇ ತರಗತಿಯಲ್ಲಿ ತೂಕಡಿಸಿದಳು. ಇಬ್ಬರೂ ವೈದ್ಯೆಯೊಬ್ಬರ ಬಳಿ ಹೋದರು. ರಕ್ತಪರೀಕ್ಷೆಯ ಕಾಗದ ನೋಡಿದ ವೈದ್ಯೆ, ಕಳೆದ ವರ್ಷ ತಾವೇ ಶುರು ಮಾಡಿದ್ದ ಥೈರಾಯ್ಡಿನ ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ ಎಂದು ಕೇಳಿದರು.

“ನಮ್ಮಕ್ಕ ಮಾಡಿಡೋ ಕಷಾಯದ ಜೊತೆ” ಎಂದಳು ತಂಗಿ, ಹೆಮ್ಮೆಯಿಂದ. “ಪಕ್ಕದಲ್ಲೇ ಇರುತ್ತಲ್ಲ, ಇನ್ನೊಂದು ಲೋಟ ನೀರು ಯಾಕೆ ಅಂತ.”

ಆ ಮಾತ್ರೆಯ ಡಬ್ಬಿ ಅಡುಗೆಮನೆಯ ಹಲಗೆಯ ಮೇಲೆ ಉಪ್ಪಿನ ಭರಣಿಯ ಪಕ್ಕದಲ್ಲೇ ಇತ್ತು. ದಿನಾ ಅದನ್ನು ಎತ್ತಿ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದವರು ಅಕ್ಕನೇ. ಸಾವಿರಾರು ಅಪರಿಚಿತರಿಗೆ ಕೇಳಿದ ಪ್ರಶ್ನೆಯನ್ನು ಒಡಹುಟ್ಟಿದವಳಿಗೆ ಒಮ್ಮೆಯೂ ಕೇಳಿರಲಿಲ್ಲ. ಮನೆಯವಳಲ್ಲವೇ, ಕೇಳುವುದೇನು ಬಂತು? ವೈದ್ಯೆ, ಮಾತ್ರೆ ಮೈಗೆ ಹತ್ತದಿರಲು ಕಷಾಯವೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ ಈ ಸೊಪ್ಪು ಇವರಿಗೆ ಬೇಡ, ಮಾತ್ರೆ ಬರಿಯ ನೀರಿನಲ್ಲೇ ಆಗಬೇಕು, ಆರು ವಾರ ಬಿಟ್ಟು ಮತ್ತೆ ಪರೀಕ್ಷಿಸೋಣ ಎಂದರು.

ಮರುದಿನ ನಾನು ಆಸ್ಪತ್ರೆಯಲ್ಲಿದ್ದೆ, ಹಲ್ಲಿಗೆ ಕ್ಯಾಪ್ ಎಂಬ ಟೋಪಿ ಕೂರಿಸಿಕೊಳ್ಳಲು. ಹೊಸ ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಅಕ್ಕ ಮೇಜಿನ ಮುಂದೆ ನಿಂತಿದ್ದರು.

“ಡಾಕ್ಟ್ರೇ, ಒಬ್ಬರಿಗೆ ತೊಂದರೆ ಆಗಿದೆ.”

“ಯಾರು? ಯಾವ ಪೇಷಂಟು?”

“ಪೇಷಂಟ್ ಅಲ್ಲ. ನನ್ನ ತಂಗಿ.” ಎಲ್ಲವನ್ನೂ ಬಿಡಿಸಿ ಹೇಳಿದರು, ಉಪ್ಪಿನ ಭರಣಿಯನ್ನೂ ಬಿಡದೆ.

ಡಾಕ್ಟರು ಕನ್ನಡಕ ತೆಗೆದರು. “ನಿಮ್ಮ ಮನೆ ವಿಷಯ ಇದು. ನೀವು ಹೇಳದಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ.”

“ಒಬ್ಬರಿಗೆ ಅಂದಿದ್ರಿ. ಯಾರ ಮನೆಯವರು ಅಂತ ಹೇಳಿರಲಿಲ್ಲ.”

ಡಾಕ್ಟರು ಕ್ಷಮಿಸಿಬಿಡುವರೆಂದು ನಾನು ಆಸೆಪಟ್ಟೆ. “ಕುಡಿಸೋದು ಬೇಡ. ಗಿಡ ಇರಲಿ” ಎಂದರು ಅವರು. ನನಗೆ ಕೋಪ ಬಂತು. ಇಂಥ ಪ್ರಾಮಾಣಿಕತೆಗೆ ಇದೇ ಬಹುಮಾನವೇ ಎಂದು ಅಕ್ಕನ ಪರವಾಗಿ ನಾನೇ ಕುದಿದೆ. ಆಕೆ ಕುದಿಯಲಿಲ್ಲ. ಮುಚ್ಚಳಗಳನ್ನೆಲ್ಲ ತೊಳೆದು, ಒರೆಸಿ, ಒಂದರ ಮೇಲೊಂದು ಜೋಡಿಸಿ ಬೀರುವಿನಲ್ಲಿಟ್ಟರು. ಖಾಲಿ ಜೇಬನ್ನು ಎರಡು ಸಲ ಸವರಿಕೊಂಡರು. ದುಃಖವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೆ ಅನ್ಯಾಯವಾಯಿತೆಂಬ ಭಾವ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಆರು ವಾರಕ್ಕೆ ತಂಗಿಯ ರಕ್ತ ಹದಕ್ಕೆ ಬಂತು, ನಾಲಿಗೆಯ ಖಡಕ್ಕಂತೂ ಅದಕ್ಕೂ ಮೊದಲೇ ಮರಳಿತ್ತು. ಈಗ ದಿನಾ ಬೆಳಗ್ಗೆ ಅಕ್ಕ ಬರಿಯ ನೀರಿನ ಲೋಟ ಹಿಡಿದು ಹಾಸಿಗೆಯ ಪಕ್ಕ ನಿಂತು “ಮಾತ್ರೆ ಯಾವುದರ ಜೊತೆ ತಗೋತೀರಾ?” ಎಂದು ಬಹುವಚನದಲ್ಲಿ ಕೇಳುತ್ತಾರಂತೆ. “ಅಕ್ಕ ಹೋಗಿ ಅಟೆಂಡರ್ ಸಿಕ್ಕಿದ್ದಾಳೆ ನನಗೆ” ಎಂದು ತಂಗಿ ನನ್ನೆದುರು ದೂರಿದಳು, ನಗುತ್ತ.

ಮೊನ್ನೆ ಇನ್ನೊಂದು ಹಲ್ಲಿಗಾಗಿ ಹೋದೆ. ಹನ್ನೆರಡು ವರ್ಷದ ಅನುಭವ ನನ್ನ ಹೇಡಿತನವನ್ನು ಕೂದಲೆಳೆಯಷ್ಟೂ ಕಡಿಮೆ ಮಾಡಿಲ್ಲ. ಅದೇ ಕೋಟು ಬಂದಿತು, ಸದ್ದಿಲ್ಲದೆ. ಕೈಯಲ್ಲಿ ಬಟ್ಟಲಿರಲಿಲ್ಲ, ಆಗತಾನೇ ಕತ್ತರಿಸಿದ ಒಂದು ಕುಡಿ ಇತ್ತು. ಅದನ್ನು ನನ್ನ ಅಂಗೈಯಲ್ಲಿಡುವ ಮುಂಚೆ ಕೇಳಿದರು: “ದಿನಾ ಯಾವ ಮಾತ್ರೆ ತಗೋತೀರಾ?”

ನನಗೆ ನಗು ತಡೆಯಲಾಗಲಿಲ್ಲ. “ಬರೀ ಮೂಸೋದಕ್ಕೂ ಮಾತ್ರೆಗೂ ಏನಕ್ಕಾ ಸಂಬಂಧ?”

“ಗೊತ್ತಿಲ್ಲ” ಎಂದರು, ಒಂದಿಷ್ಟೂ ಅಳುಕದೆ. “ಅದಕ್ಕೇ ಕೇಳ್ತೀನಿ.”

ನೆನಪು ಮಾಡಿಕೊಂಡು ಉತ್ತರಿಸಿದೆ. ಕುಡಿ ಅಂಗೈಗೆ ಬಂತು. ಅದರ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, “ಮುಚ್ಚಿ, ಮುಚ್ಚಿ” ಎಂದರು. ಒಳಗೆ ಯಂತ್ರ ಗುಂಯ್ಗುಟ್ಟಿತು. ನಾನು ಮುಷ್ಟಿ ಬಿಗಿಹಿಡಿದು ಕುರ್ಚಿಯ ಮೇಲೆ ಒರಗಿದೆ, ನಿಂಬೆಯ ಪರಿಮಳ ಬೆರಳ ಸಂದಿಯಿಂದ ಮೇಲೆದ್ದಿತು, ಮತ್ತು ಭಯ ಹಿಂದಿನಂತೆಯೇ ಪಕ್ಕಕ್ಕೆ ಸರಿದು ಕುಳಿತಿತು.

ತಮಗೆಲ್ಲ ತಿಳಿದಿದೆ ಎಂಬ ನಂಬಿಕೆಯಿಂದ ಗಟ್ಟಿಯಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ತಪ್ಪಿನ ಪೆಟ್ಟಿಗೆ ಅವರ ಗಟ್ಟಿತನ ಪುಡಿಯಾಗುವುದನ್ನೂ ನೋಡಿದ್ದೇನೆ. ಆದರೆ ಮತ್ತೆ ಮತ್ತೆ ಕೇಳುವುದನ್ನೇ ತಮ್ಮ ವಿದ್ಯೆಯನ್ನಾಗಿ ಮಾಡಿಕೊಂಡ, ಪರರಿಗೆ ಹಾಕಿದ ನಿಯಮವನ್ನು ತಮ್ಮ ಅಡುಗೆಮನೆಯ ಹಲಗೆಯವರೆಗೂ ಕೊಂಡೊಯ್ಯಬಲ್ಲ ಒಂದು ಜಾತಿಯ ಜನ ಇದ್ದಾರೆ. ಅವರು ಪಂಡಿತರಲ್ಲ, ಅವರ ಹೆಸರಿನ ಫಲಕ ಯಾವ ಬಾಗಿಲ ಮೇಲೂ ಇರುವುದಿಲ್ಲ. ಅವರೂ ತಪ್ಪುತ್ತಾರೆ, ತಪ್ಪು ತಿಳಿದ ಕೂಡಲೇ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ, ಮರುದಿನ ಬೆಳಗ್ಗೆ ಅದೇ ಗತಿಯಲ್ಲಿ ಕೆಲಸಕ್ಕೆ ನಡೆಯುತ್ತಾರೆ. ಅಂಥವರ ಕೈಗೆ ನಮ್ಮ ಭಯವನ್ನು ಒಪ್ಪಿಸಿ ಬಾಯಿ ತೆರೆದು ಮಲಗಬಹುದು.